ಬೇಸಿಕ್ ಗಣಿತ ತೆಗೆದುಕೊಂಡರೆ ಪಾಠಗಳು ಕಡಿಮೆಯಾಗುತ್ತವೆಯೇ?

ಪ್ರಶ್ನೆ: ನನ್ನ ಮಗ ಸಿಬಿಎಸ್‌ಇ ಶಾಲೆಯಲ್ಲಿ ಹತ್ತನೇ ತರಗತಿಯಲ್ಲಿದ್ದಾನೆ. ಗಣಿತವೆಂದರೆ ಅವನಿಗೆ ಭಯ. ಸ್ಟ್ಯಾಂಡರ್ಡ್ ಬಿಟ್ಟು ಬೇಸಿಕ್ ಗಣಿತ ಕೊಡಿಸಿದರೆ ಕಷ್ಟದ ಪಾಠಗಳು ತಪ್ಪುತ್ತವೆ ಎಂದು ಪರಿಚಯದವರು ಹೇಳುತ್ತಿದ್ದಾರೆ. ಕೊಡಿಸಬಹುದೇ? ಮುಂದೆ ತೊಂದರೆಯಾಗುತ್ತದೆಯೇ?

ಉತ್ತರ: ಕೊಡಿಸಬಹುದು. ಆದರೆ ನಿಮ್ಮ ಪರಿಚಯದವರು ಹೇಳಿದ ಕಾರಣಕ್ಕಾಗಿ ಖಂಡಿತ ಕೊಡಿಸಬೇಡಿ, ಏಕೆಂದರೆ ಬೇಸಿಕ್ ಗಣಿತದಲ್ಲಿ ಒಂದೇ ಒಂದು ಪಾಠವೂ ತಪ್ಪುವುದಿಲ್ಲ. ಪೋಷಕರ ಸಭೆಗಳಲ್ಲಿ ಎಷ್ಟೋ ಸಲ ಹೇಳಿದರೂ ಮರುವರ್ಷ ಇದೇ ಮಾತು ಹೊಸಬರ ಬಾಯಲ್ಲಿ ಕೇಳಿಬರುತ್ತದೆ. ಆದ್ದರಿಂದ ಈ ಬಾರಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಹತ್ತನೇ ತರಗತಿಯ ಗಣಿತಕ್ಕೆ ಎರಡು ಹಂತದ ಪರೀಕ್ಷೆ ಇರುತ್ತದೆಂದು ಸಿಬಿಎಸ್‌ಇ ಪ್ರಕಟಿಸಿದ್ದು 2019ರ ಜನವರಿಯಲ್ಲಿ. ಮೊದಲ ಪರೀಕ್ಷೆ ನಡೆದದ್ದು 2020ರಲ್ಲಿ. ಸ್ಟ್ಯಾಂಡರ್ಡ್‌ಗೆ 041, ಬೇಸಿಕ್‌ಗೆ 241 ಎಂಬ ಸಂಕೇತ ಸಂಖ್ಯೆಗಳಿವೆ. ಎರಡಕ್ಕೂ ಪಠ್ಯಪುಸ್ತಕ ಒಂದೇ, ಪಠ್ಯಕ್ರಮ ಒಂದೇ, ತರಗತಿಯಲ್ಲಿ ನಡೆಯುವ ಪಾಠ ಒಂದೇ, 20 ಅಂಕಗಳ ಆಂತರಿಕ ಮೌಲ್ಯಮಾಪನವೂ ಒಂದೇ. ಉಳಿದ 80 ಅಂಕಗಳ ಹಂಚಿಕೆಯನ್ನು ನೋಡಿ: ಸಂಖ್ಯಾ ಪದ್ಧತಿಗೆ 6, ಬೀಜಗಣಿತಕ್ಕೆ 20, ನಿರ್ದೇಶಾಂಕ ರೇಖಾಗಣಿತಕ್ಕೆ 6, ರೇಖಾಗಣಿತಕ್ಕೆ 15, ತ್ರಿಕೋನಮಿತಿಗೆ 12, ವಿಸ್ತೀರ್ಣ ಮತ್ತು ಘನಫಲಗಳ ಪಾಠಗಳಿಗೆ 10, ಸಂಖ್ಯಾಶಾಸ್ತ್ರ ಮತ್ತು ಸಂಭವನೀಯತೆಗೆ 11. ಇದು ಸ್ಟ್ಯಾಂಡರ್ಡ್‌ನ ಹಂಚಿಕೆ. ಬೇಸಿಕ್‌ನ ಹಂಚಿಕೆಯೂ ಅಕ್ಷರಶಃ ಇದೇ. ಮೂರು ಗಂಟೆಯ ಅವಧಿಯಲ್ಲೂ ಬದಲಾವಣೆಯಿಲ್ಲ. ತ್ರಿಕೋನಮಿತಿಯನ್ನು ಬಿಟ್ಟುಬಿಡಬಹುದೆಂದು ಬೇಸಿಕ್ ಆರಿಸಿಕೊಂಡ ಹುಡುಗ 12 ಅಂಕಗಳನ್ನು ಪರೀಕ್ಷೆಗೆ ಮೊದಲೇ ಕೈಬಿಟ್ಟಂತಾಯಿತು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಪ್ರಶ್ನೆಗಳ ಸ್ವಭಾವದಲ್ಲಿದೆ. ಸ್ಟ್ಯಾಂಡರ್ಡ್ ಪತ್ರಿಕೆಯಲ್ಲಿ ನೆನಪು ಮತ್ತು ತಿಳಿವಳಿಕೆಯನ್ನು ಪರೀಕ್ಷಿಸುವ ಪ್ರಶ್ನೆಗಳಿಗೆ ಸುಮಾರು 54 ಶೇಕಡಾ, ಕಲಿತದ್ದನ್ನು ಅನ್ವಯಿಸುವ ಪ್ರಶ್ನೆಗಳಿಗೆ 24 ಶೇಕಡಾ, ವಿಶ್ಲೇಷಣೆಯಂಥ ಮೇಲ್ಮಟ್ಟದ ಪ್ರಶ್ನೆಗಳಿಗೆ 22 ಶೇಕಡಾ ಅಂಕಗಳನ್ನು ಇಟ್ಟಿದ್ದಾರೆ. ಬೇಸಿಕ್‌ನಲ್ಲಿ ಇವೇ ಮೂರು ಕ್ರಮವಾಗಿ 75, 15 ಮತ್ತು 10 ಶೇಕಡಾ.

ಬರಿಯ ಶೇಕಡಾವಾರಿನಿಂದ ಇದು ಮನಸ್ಸಿಗೆ ಹತ್ತುವುದಿಲ್ಲವಾದ್ದರಿಂದ ಸಮಾಂತರ ಶ್ರೇಢಿಯ, ಅಂದರೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲಿನ, ಪಾಠದಿಂದ ನಾನೇ ಮಾಡಿದ ಎರಡು ಪ್ರಶ್ನೆಗಳನ್ನು ಕೊಡುತ್ತೇನೆ. ಮೊದಲನೆಯದು: 7, 11, 15 ಎಂದು ಸಾಗುವ ಶ್ರೇಢಿಯ ಇಪ್ಪತ್ತನೇ ಪದ ಯಾವುದು? ಸೂತ್ರ ಗೊತ್ತಿರುವ ಹುಡುಗ ಸಾಮಾನ್ಯ ವ್ಯತ್ಯಾಸವಾದ 4ನ್ನು 19ರಿಂದ ಗುಣಿಸಿ, ಬಂದ 76ಕ್ಕೆ ಮೊದಲ ಪದವಾದ 7ನ್ನು ಕೂಡಿಸಿ 83 ಎಂದು ಬರೆಯುತ್ತಾನೆ. ಎರಡನೆಯದು: ಒಂದು ಸಮಾಂತರ ಶ್ರೇಢಿಯಲ್ಲಿ ಮೊದಲಿನಿಂದ ಎಷ್ಟೇ ಪದಗಳನ್ನು ಕೂಡಿದರೂ, ಆ ಪದಗಳ ಸಂಖ್ಯೆಯ ವರ್ಗದ ಎರಡರಷ್ಟಕ್ಕೆ ಅದೇ ಸಂಖ್ಯೆಯ ಐದರಷ್ಟನ್ನು ಸೇರಿಸಿದಷ್ಟು ಮೊತ್ತ ಬರುತ್ತದೆ, ಇಪ್ಪತ್ತನೇ ಪದ ಯಾವುದು? ಇಲ್ಲಿ ಮೊದಲ ಪದವನ್ನಾಗಲಿ ಸಾಮಾನ್ಯ ವ್ಯತ್ಯಾಸವನ್ನಾಗಲಿ ಯಾರೂ ಕೈಗೆ ಕೊಟ್ಟಿಲ್ಲ. ಇಪ್ಪತ್ತು ಪದಗಳ ಮೊತ್ತದಿಂದ ಹತ್ತೊಂಬತ್ತು ಪದಗಳ ಮೊತ್ತವನ್ನು ಕಳೆದರೆ ಉಳಿಯುವುದು ಇಪ್ಪತ್ತನೇ ಪದವೇ ಎಂಬುದು ಹುಡುಗನಿಗೆ ತಾನಾಗಿ ಹೊಳೆಯಬೇಕು. ಹೊಳೆದರೆ 900ರಲ್ಲಿ 817 ಕಳೆದು ಅವನೂ 83 ಎಂದೇ ಬರೆಯುತ್ತಾನೆ. ಎರಡು ಪ್ರಶ್ನೆಗಳಲ್ಲಿರುವುದೂ ಒಂದೇ ಶ್ರೇಢಿ, ಓದಿದ್ದೂ ಒಂದೇ ಪಾಠ. ಮೊದಲ ಬಗೆಯ ಪ್ರಶ್ನೆಗಳು ಬೇಸಿಕ್‌ನಲ್ಲಿ ಹೆಚ್ಚು, ಎರಡನೇ ಬಗೆಯವು ಸ್ಟ್ಯಾಂಡರ್ಡ್‌ನಲ್ಲಿ ಹೆಚ್ಚು. ಶ್ರೇಢಿಯ ಪಾಠವನ್ನೇ ಓದದವನಿಗೆ ಎರಡೂ ಒಂದೇ.

ಈ ತಪ್ಪು ಕಲ್ಪನೆಯ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಜೂನ್ ತಿಂಗಳಲ್ಲೇ ‘ನಿನ್ನದು ಬೇಸಿಕ್’ ಎಂದು ಮನೆಯಲ್ಲಿ ತೀರ್ಮಾನವಾದ ಮಕ್ಕಳು ರೇಖಾಗಣಿತದ ಪ್ರಮೇಯಗಳ ಸಾಧನೆಗಳು ಬಂದಾಗ ಪೆನ್ನು ಕೆಳಗಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವು ತಮಗೆ ಸಂಬಂಧಿಸಿದ್ದಲ್ಲ ಎಂದು ಆ ಮಕ್ಕಳು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಸಮರೂಪ ತ್ರಿಭುಜಗಳನ್ನು ಅರ್ಥಮಾಡಿಕೊಳ್ಳಬಲ್ಲ ಮಗು, ಹಿರಿಯರ ಒಂದು ಮಾತಿನಿಂದಾಗಿ ಅರ್ಥಮಾಡಿಕೊಳ್ಳುವ ಪ್ರಯತ್ನವನ್ನೇ ನಿಲ್ಲಿಸುವುದು ನನಗೆ ಸಹಿಸಲಾಗದ ಸಂಗತಿ. ಅಷ್ಟು ಬೇಗ ತೀರ್ಮಾನಿಸುವ ಅಗತ್ಯವೂ ಇಲ್ಲ. ಶಾಲೆಯು ಬೋರ್ಡಿಗೆ ಅಭ್ಯರ್ಥಿಗಳ ಪಟ್ಟಿಯನ್ನು ಸಲ್ಲಿಸುವಾಗ ಯಾವ ಹಂತವೆಂದು ನಮೂದಿಸಬೇಕೇ ಹೊರತು, ಒಂಬತ್ತನೇ ತರಗತಿಯಲ್ಲಾಗಲಿ ಹತ್ತರ ಆರಂಭದಲ್ಲಾಗಲಿ ಅಲ್ಲ. ಅಲ್ಲಿಯವರೆಗೆ ನಡೆದ ಕಿರುಪರೀಕ್ಷೆಗಳ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಮಗನಿಗೆ ಅಂಕ ಹೋಗಿರುವುದು ಲೆಕ್ಕ ಹೊಳೆಯದೆಯೋ ಅಥವಾ ಪಾಠ ಓದದೆಯೋ ಎಂದು ಅವನ ಗಣಿತ ಶಿಕ್ಷಕರ ಜೊತೆ ಕುಳಿತು ನೋಡಿ. ಓದದೆ ಹೋದ ಅಂಕಗಳಿಗೆ ಬೇಸಿಕ್ ಪರಿಹಾರವಲ್ಲ.

ಮುಂದಿನ ತೊಂದರೆಯ ವಿಚಾರ. ಮೂಲ ನಿಯಮದ ಪ್ರಕಾರ ಹನ್ನೊಂದನೇ ತರಗತಿಯಲ್ಲಿ ಗಣಿತವನ್ನು (ಅಲ್ಲಿಯೂ ಅದರ ಸಂಕೇತ ಸಂಖ್ಯೆ 041) ಆರಿಸಿಕೊಳ್ಳಬೇಕಾದರೆ ಹತ್ತರಲ್ಲಿ ಸ್ಟ್ಯಾಂಡರ್ಡ್ ಉತ್ತೀರ್ಣರಾಗಿರಬೇಕು. ಬೇಸಿಕ್ ಉತ್ತೀರ್ಣರಾಗಿ ಮನಸ್ಸು ಬದಲಾಯಿಸಿದವರು ಪೂರಕ ಪರೀಕ್ಷೆಯಲ್ಲಿ ಸ್ಟ್ಯಾಂಡರ್ಡ್ ಬರೆಯಲು, ಸ್ಟ್ಯಾಂಡರ್ಡ್‌ನಲ್ಲಿ ಅನುತ್ತೀರ್ಣರಾದವರು ಬೇಸಿಕ್ ಬರೆಯಲು ಆ ನಿಯಮದಲ್ಲೇ ಅವಕಾಶವಿತ್ತು. ಕೋವಿಡ್ ಕಾಲದಲ್ಲಿ ಸಿಬಿಎಸ್‌ಇ ಈ ನಿರ್ಬಂಧವನ್ನು ಸಡಿಲಿಸಿತು. ನಂತರದ ಹಲವು ವರ್ಷಗಳಲ್ಲೂ, ವಿದ್ಯಾರ್ಥಿಗೆ ಗಣಿತ ಓದುವ ಸಾಮರ್ಥ್ಯವಿದೆಯೆಂದು ಶಾಲೆಯ ಮುಖ್ಯಸ್ಥರಿಗೆ ಮನವರಿಕೆಯಾದರೆ ಬೇಸಿಕ್ ಓದಿದವರಿಗೂ 041 ಕೊಡಬಹುದೆಂಬ ಸಡಿಲಿಕೆಯನ್ನು ಮುಂದುವರಿಸಿತು. ಇಂಥ ಸಡಿಲಿಕೆ ಸುತ್ತೋಲೆಯ ಮೂಲಕ ಬರುತ್ತದೆ, ಸುತ್ತೋಲೆಯ ಮೂಲಕವೇ ಹೋಗಲೂ ಬಹುದು. ಆದ್ದರಿಂದ ನಿಮ್ಮ ಮಗನ ವರ್ಷದ ಸುತ್ತೋಲೆಯನ್ನು ಶಾಲೆಯಲ್ಲಿ ಕೇಳಿ ಓದಿ. ಎಂಜಿನಿಯರಿಂಗ್ ಕಡೆಗೆ ಸ್ವಲ್ಪವಾದರೂ ಆಸೆಯಿದ್ದರೆ ಸ್ಟ್ಯಾಂಡರ್ಡನ್ನೇ ಬರೆಯಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನೀವು ಕೇಳದೇ ಇದ್ದರೂ ಇನ್ನೊಂದು ವಿಷಯವನ್ನು ಹೇಳಲೇಬೇಕು. ಹನ್ನೊಂದನೇ ತರಗತಿಯಲ್ಲಿ ಗಣಿತ ಎಂದರೆ 041 ಒಂದೇ ಅಲ್ಲ. 2020–21ರಿಂದ ಅನ್ವಯಿಕ ಗಣಿತ ಎಂಬ ಇನ್ನೊಂದು ವಿಷಯವಿದೆ. ಶಾಲೆಗಳಲ್ಲಿ ಅಪ್ಲೈಡ್ ಮ್ಯಾಥ್ಸ್ ಎಂದೇ ಕರೆಯುತ್ತಾರೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ. ಹತ್ತರಲ್ಲಿ ಬೇಸಿಕ್ ಓದಿದವರಿಗೂ ಇದು ದೊರೆಯುತ್ತದೆ. ಇದನ್ನು ಸುಲಭ ಗಣಿತವೆಂದು ತಳ್ಳಿಹಾಕುವವರು ಇದರ ಹನ್ನೆರಡನೇ ತರಗತಿಯ ಪಠ್ಯಕ್ರಮವನ್ನು ಒಮ್ಮೆ ಓದಬೇಕು: ಮಾತೃಕೆಗಳಿವೆ, ಕಲನಶಾಸ್ತ್ರವಿದೆ, ಸಂಭವನೀಯತಾ ವಿತರಣೆಗಳಿವೆ, ಕಾಲಾನುಕ್ರಮದ ದತ್ತಾಂಶಗಳ ವಿಶ್ಲೇಷಣೆಯಿದೆ, ಸಾಲದ ಮಾಸಿಕ ಕಂತನ್ನು ಲೆಕ್ಕ ಹಾಕುವುದರಿಂದ ಹಿಡಿದು ಯಂತ್ರದ ಸವಕಳಿಯವರೆಗಿನ ಹಣಕಾಸಿನ ಗಣಿತವಿದೆ. ವಾಣಿಜ್ಯ ಅಥವಾ ಅರ್ಥಶಾಸ್ತ್ರದ ಕಡೆಗೆ ಹೋಗುವ ಮಗುವಿಗೆ ಇದರಷ್ಟು ಹೊಂದುವ ಗಣಿತ ಶಾಲೆಯಲ್ಲಿ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ. ಎಲ್ಲ ಸಿಬಿಎಸ್‌ಇ ಶಾಲೆಗಳೂ ಇದನ್ನು ಕಲಿಸುವುದಿಲ್ಲವಾದ್ದರಿಂದ, ಮಗನಿಗೆ ಇದು ಬೇಕೆನಿಸಿದರೆ ಹತ್ತನೇ ತರಗತಿ ಮುಗಿಯುವ ಮೊದಲೇ ನಿಮ್ಮ ಶಾಲೆಯಲ್ಲಿ ವಿಚಾರಿಸಿಕೊಳ್ಳಿ. ಅಲ್ಲಿ ಇಲ್ಲದಿದ್ದರೆ ಬೇರೆ ಶಾಲೆ ಹುಡುಕಲು ಸಮಯ ಸಿಗುತ್ತದೆ.