ಮೆಕ್‌ಲಾರೆನ್ ಎಫ್1: ಟರ್ಬೋ ಇಲ್ಲದೆ 386 ಕಿ.ಮೀ. ವೇಗ ಹೇಗೆ?

ಪ್ರಶ್ನೆ: 1990ರ ದಶಕದಲ್ಲಿ ರಸ್ತೆಗೆಂದೇ ತಯಾರಾದ ಮೆಕ್‌ಲಾರೆನ್ ಎಫ್1 ಕಾರಿಗೆ ಟರ್ಬೋ (ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರಲಿಲ್ಲ. ಆದರೂ ಗಂಟೆಗೆ 386 ಕಿ.ಮೀ. ವೇಗ ಮುಟ್ಟಿತು. ತೀರಾ ಹಗುರವಾಗಿದ್ದದ್ದೇ ಇದಕ್ಕೆ ಕಾರಣವೇ?

ಉತ್ತರ: ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಹಗುರವಾಗಿತ್ತು, ಅನುಮಾನವಿಲ್ಲ. ವಿನ್ಯಾಸಕ ಗಾರ್ಡನ್ ಮರ್ರಿಗೆ ತೂಕ ಇಳಿಸುವುದೊಂದು ಹುಚ್ಚು. ಚಾಸಿ, ಅಂದರೆ ಕಾರಿನ ಚೌಕಟ್ಟು, ಹಗುರವಾದರೂ ಗಟ್ಟಿಯಾದ ಕಾರ್ಬನ್ ಫೈಬರಿನದು. ಪವರ್ ಸ್ಟೀರಿಂಗ್ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲ. ಎಂಜಿನ್ ಗೂಡಿಗೆ ಚಿನ್ನದ ಹಾಳೆ ಹೊದಿಸಿದ್ದು ಮಾತ್ರ ದುಬಾರಿ ಶೋಕಿಯಂತೆ ಕಾಣುತ್ತದೆ. ಆದರೆ ಅದು ಶಾಖವನ್ನು ತಡೆದು ಹಿಂದಕ್ಕೆ ಕಳಿಸಲು. ಇಷ್ಟೆಲ್ಲ ಸೇರಿ ತೂಕ ಸುಮಾರು 1,140 ಕೆ.ಜಿ.

ತೂಕ ಇಳಿಸಿದರೆ ಸಿಗುವುದು ಪಿಕಪ್. ನಿಂತಲ್ಲಿಂದ 100 ಕಿ.ಮೀ.ಗೆ ಮೂರು ಸೆಕೆಂಡು ಚಿಲ್ಲರೆಯಲ್ಲಿ ಏರಲು ಅದು ನೆರವಾಯಿತು. ಗರಿಷ್ಠ ವೇಗದ ಲೆಕ್ಕವೇ ಬೇರೆ. ಅಲ್ಲಿ ಎದುರಾಳಿ ಗಾಳಿ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಸೀಳಿಕೊಂಡು ಹೋಗಲು ಎಂಟು ಪಟ್ಟು ಶಕ್ತಿ ಬೇಕು.

ಆ ಶಕ್ತಿ ಬಂದದ್ದು ಬಿಎಂಡಬ್ಲ್ಯುನ ಪಾಲ್ ರೋಶ ಕಟ್ಟಿದ 6.1 ಲೀಟರಿನ, 12 ಸಿಲಿಂಡರಿನ ವಿ12 ಎಂಜಿನ್‌ನಿಂದ: 627 ಅಶ್ವಶಕ್ತಿ. ಟರ್ಬೋ ಹಾಕಿದರೆ ಪೆಡಲ್ ತುಳಿದ ಮೇಲೆ ಶಕ್ತಿ ಬರಲು ತುಸು ತಡ. ಮರ್ರಿಗೆ ಅದು ಒಗ್ಗದು. ಇನ್ನು ಮೈಕಟ್ಟು. ಹಿಂದೆ ದೊಡ್ಡ ರೆಕ್ಕೆಯಿಲ್ಲ, ಎದುರುಗಾಳಿಗೆ ಒಡ್ಡುವ ಮೈಯೂ ಚಿಕ್ಕದು. ಆಕಾರ ಗಾಳಿಯನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಡ್ರ್ಯಾಗ್ ಗುಣಾಂಕ (ಕಡಿಮೆಯಿದ್ದಷ್ಟೂ ಒಳ್ಳೆಯದು) 0.32.

ದಾಖಲೆಯಾದದ್ದು 1998ರ ಮಾರ್ಚ್ 31ರಂದು, ಜರ್ಮನಿಯ ಏರಾ-ಲೆಸಿಯನ್ ಪರೀಕ್ಷಾ ಟ್ರ್ಯಾಕ್‌ನಲ್ಲಿ. ಸ್ಟೀರಿಂಗ್ ಹಿಡಿದವರು ಆಂಡಿ ವಾಲೇಸ್. ಎರಡೂ ದಿಕ್ಕಿನಲ್ಲಿ ಓಡಿಸಿ ತೆಗೆದ ಸರಾಸರಿ 386.4 ಕಿ.ಮೀ. ಇಲ್ಲೊಂದು ಗುಟ್ಟಿದೆ. ಗಿರಾಕಿಗಳಿಗೆ ಮಾರಿದ ಕಾರಿನಲ್ಲಿ ಎಂಜಿನ್ 7,500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ದಾಟದಂತೆ ಲಿಮಿಟರ್ ಇತ್ತು. ಆರನೇ ಗೇರಿನಲ್ಲಿ ಗಾಳಿ ತಡೆಯುವ ಮೊದಲೇ ಲಿಮಿಟರ್ ತಡೆಯುತ್ತಿತ್ತು! ದಾಖಲೆಯ ಓಟಕ್ಕೆ ಅದನ್ನು 8,300ಕ್ಕೆ ಏರಿಸಿದರು. ಹಾಗಾಗಿ, ಈ ಅಂಕಿಯನ್ನು ಶೋರೂಮಿನಿಂದ ಹೊರಬಂದ ಕಾರಿನದು ಎನ್ನಲು ನನಗೆ ಮನಸ್ಸು ಬಾರದು.

ಆ ಮೈಕಟ್ಟು ಎಷ್ಟು ಅಚ್ಚುಕಟ್ಟಾಗಿತ್ತು ಎಂಬುದು 2005ರಲ್ಲಿ ಬುಗಾಟಿ ವೇರಾನ್ ಕಾರು ಬಂದಾಗ ಗೊತ್ತಾಯಿತು. ನಾಲ್ಕು ಟರ್ಬೋ, 1,001 ಅಶ್ವಶಕ್ತಿ. ಅಂದರೆ ಎಫ್1ಗಿಂತ ಶೇ 60ರಷ್ಟು ಹೆಚ್ಚು. ವೇಗ ಸುಮಾರು 407 ಕಿ.ಮೀ., ಹೆಚ್ಚಳ ಶೇ 5ರಷ್ಟೇ. ದುಪ್ಪಟ್ಟು ವೇಗಕ್ಕೆ ಎಂಟು ಪಟ್ಟು ಶಕ್ತಿ ಎಂಬ ಅದೇ ಲೆಕ್ಕದಲ್ಲಿ, ಎಫ್1ನದೇ ಮೈಯಾಗಿದ್ದರೆ ಅಷ್ಟು ವೇಗಕ್ಕೆ ಶೇ 17ರಷ್ಟು ಹೆಚ್ಚುವರಿ ಶಕ್ತಿ ಸಾಕಿತ್ತು. ಉಳಿದದ್ದರಲ್ಲಿ ಬಹುಪಾಲನ್ನು ನುಂಗಿದ್ದು ವೇರಾನ್‌ನ ಅಗಲವಾದ ಮೈ, ದಪ್ಪ ಟೈರು ಮತ್ತು ಹತ್ತು ರೇಡಿಯೇಟರುಗಳಿಗೆ ಗಾಳಿ ಒದಗಿಸುವ ಕಿಂಡಿಗಳು.