ಹಿಂದಿನಿಂದ ಹಾರ್ನ್ ಹೊಡೆದರೆ ಕ್ಲಚ್ ಮೇಲಿನ ಕಾಲು ಯಾಕೆ ನಡುಗುತ್ತದೆ?

ಓದುಗರ ಪ್ರಶ್ನೆ: ಡ್ರೈವಿಂಗ್ ಸ್ಕೂಲ್ ಕಾರನ್ನು ಚೆನ್ನಾಗಿಯೇ ಓಡಿಸುತ್ತಿದ್ದೆ. ಲೈಸೆನ್ಸೂ ಬಂತು. ಆದರೆ ಮನೆಯ ಕಾರಿನಲ್ಲಿ ಹೋದಾಗ ಹಿಂದಿನವರು ಹಾರ್ನ್ ಹೊಡೆದರೆ ಸಾಕು, ಗಾಡಿ ಆಫ್ ಆಗುತ್ತದೆ. ಪಕ್ಕದಲ್ಲಿ ಮನೆಯವರಿದ್ದರಂತೂ ಕೇಳಲೇಬೇಡಿ. ನನಗೆ ಡ್ರೈವಿಂಗ್ ಬರುವುದೇ ಇಲ್ವಾ?

ಖಂಡಿತ ಬರುತ್ತದೆ. ಮೊದಲು ಒಂದು ವಿಷಯ ತಿಳಿದಿರಲಿ. ಸ್ಕೂಲ್ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಕ್ಲಚ್, ಬ್ರೇಕ್ ಇರುತ್ತವೆ. ನೀವು ತಡವರಿಸಿದಾಗ ಅವರು ಸದ್ದಿಲ್ಲದೆ ಒತ್ತಿರುತ್ತಾರೆ. ಜೊತೆಗೆ ಒಂದೊಂದು ಕಾರಿನ ಕ್ಲಚ್ ಒಂದೊಂದು ಎತ್ತರದಲ್ಲಿ ಹಿಡಿಯುತ್ತದೆ. ಹಾಗಾಗಿ ಮನೆಯ ಕಾರಿನಲ್ಲಿ ನಿಮ್ಮ ಕಲಿಕೆ ಇನ್ನೂ ಅರ್ಧದಲ್ಲಿದೆ. ಅರ್ಧ ಕಲಿತ ಕೆಲಸವನ್ನೇ ಭಯ ಜಾಸ್ತಿ ಕಾಡುವುದು.

ಏರಿನಲ್ಲಿ ಗಾಡಿ ಎತ್ತುವುದನ್ನೇ ನೋಡಿ. ಕ್ಲಚ್ ಬಿಡುತ್ತಾ ಬಂದಂತೆ ಎಂಜಿನ್ ಸದ್ದು ತುಸು ಕುಗ್ಗುತ್ತದೆ, ಕಾರು ಸಣ್ಣಗೆ ಅದುರುತ್ತದೆ. ಎಡಗಾಲು ಅಲ್ಲೇ ನಿಲ್ಲಬೇಕು, ಬಲಗಾಲು ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ಗೆ ಹೋಗಬೇಕು. ಕೂದಲೆಳೆಯ ಲೆಕ್ಕದ ಕೆಲಸ ಇದು. ಅಷ್ಟರಲ್ಲಿ ಹಾರ್ನ್! ಹೆದರಿದಾಗ ಮೈಯಲ್ಲಿ ಸುರಿಯುವ ಅಡ್ರಿನಲಿನ್ ಎಂಬ ಹಾರ್ಮೋನ್ ಏರುತ್ತದೆ, ಎದೆ ಡವಡವ ಅನ್ನುತ್ತದೆ. ಸಾಮಾನ್ಯವಾಗಿ ಒಂದು ಸ್ನಾಯು ಎಳೆಯುವಾಗ ಅದರ ಎದುರಿನದು ಸಡಿಲವಾಗುತ್ತದೆ. ಹೆದರಿದಾಗ ಎರಡೂ ಒಟ್ಟಿಗೆ ಬಿಗಿಯುತ್ತವೆ. ಕಾಲು ಕೋಲಿನಂತಾಗಿ ನಡುಗುತ್ತದೆ, ಕ್ಲಚ್ ಒಮ್ಮೆಲೇ ಮೇಲೆ ಬರುತ್ತದೆ, ಗಾಡಿ ಆಫ್.

ಭಯ ಇದ್ದರೇನೇ ಬೇಗ ಕಲಿಯುತ್ತಾರೆ ಅನ್ನುವವರು ನಮ್ಮಲ್ಲಿ ಬಹಳ. ಆದರೆ 1908ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳಿಗೆ ಬಿಳಿ ಪೆಟ್ಟಿಗೆ, ಕಪ್ಪು ಪೆಟ್ಟಿಗೆ ಗುರುತಿಸಲು ಕಲಿಸಿದರು. ತಪ್ಪಿದರೆ ಶಾಕ್. ಪಾಠ ಸುಲಭವಿದ್ದಾಗ ಜೋರು ಶಾಕ್ ಕೊಟ್ಟರೂ ಇಲಿಗಳು ಬೇಗ ಕಲಿತವು. ಪಾಠ ಕಷ್ಟವಾದಾಗ ಮಾತ್ರ ಜೋರು ಶಾಕ್ ಕಲಿಕೆಯನ್ನೇ ನಿಧಾನ ಮಾಡಿತು. ಹೊಸಬರಿಗೆ ಡ್ರೈವಿಂಗ್ ಕಷ್ಟದ ಪಾಠ ತಾನೇ?

ಇನ್ನು ಪಕ್ಕದ ಸೀಟಿನ ವಿಚಾರ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. "ಕ್ಲಚ್ ಒತ್ತು, ಗೇರ್ ಇಳಿಸು, ಎಲ್ಲಿ ನೋಡ್ತಿದೀಯಾ" ಅಂತ ಒಂದೇ ಸಮನೆ ಕೂಗುವುದು ಕಲಿಸುವುದಲ್ಲ. ತಾನಾಗಿ ನಡೆಯಲು ಶುರುವಾದ ಕೆಲಸವನ್ನು ಅದು ಮತ್ತೆ ತುಂಡು ತುಂಡು ಮಾಡುತ್ತದೆ. ಆಗ ನಿಮ್ಮ ಗಮನ ರಸ್ತೆ ಬಿಟ್ಟು ನಿಮ್ಮದೇ ಕಾಲಿನ ಮೇಲೆ ಬೀಳುತ್ತದೆ. 1992ರಲ್ಲಿ ರಿಚರ್ಡ್ ಮಾಸ್ಟರ್ಸ್ ಎಂಬ ಸಂಶೋಧಕ, ಗಾಲ್ಫ್ ಚೆಂಡನ್ನು ಗುಳಿಗೆ ತಳ್ಳಲು ಕಲಿಯುವವರ ಮೇಲೆ ಮಾಡಿದ ಪ್ರಯೋಗ ಪ್ರಸಿದ್ಧ. ಒಂದು ಗುಂಪಿಗೆ ಹೊಡೆತದ ಸೂಚನೆಗಳನ್ನೆಲ್ಲ ಕೊಟ್ಟರು. ಇನ್ನೊಂದು ಗುಂಪು ಸೂಚನೆ ಇಲ್ಲದೆ, ಬಾಯಲ್ಲಿ ಯಾವುದೋ ಅಕ್ಷರ ಹೇಳುತ್ತಾ ಕಲಿಯಿತು. ಒತ್ತಡ ಹಾಕಿದಾಗ ಈ ಎರಡನೆಯವರ ಆಟ ಕೆಡಲಿಲ್ಲ.

ಹಾಗಂತ ಖಾಲಿ ಮೈದಾನದಲ್ಲೇ ಸುತ್ತುತ್ತಿದ್ದರೆ ಸಾಲದು. ನೆದರ್ಲೆಂಡ್ಸ್‌ನಲ್ಲಿ ಪೊಲೀಸರ ಒಂದು ಗುಂಪು ರಟ್ಟಿನ ಗುರಿಗೆ ಹೊಡೆದು ಅಭ್ಯಾಸ ಮಾಡಿತು. ಇನ್ನೊಂದು ಗುಂಪಿಗೆ, ತಿರುಗಿ ಬಣ್ಣದ ಗುಂಡು ಹೊಡೆಯುವ ಎದುರಾಳಿಯನ್ನು ಕೊಟ್ಟರು. ಆಮೇಲೆ ಒತ್ತಡದಲ್ಲೂ, ಒತ್ತಡ ಇಲ್ಲದಾಗಿನಷ್ಟೇ ಚೆನ್ನಾಗಿ ಗುರಿಗೆ ಹೊಡೆದದ್ದು ಈ ಎರಡನೆಯ ಗುಂಪು.

ಅಂದರೆ ಭಯವನ್ನು ಅಳತೆ ನೋಡಿ ಸೇರಿಸಿಕೊಳ್ಳಬೇಕು. ಮೊದಲು ಭಾನುವಾರ ಬೆಳಗ್ಗೆ ಸಮತಟ್ಟಾದ ಖಾಲಿ ರಸ್ತೆ. ಆಕ್ಸಿಲರೇಟರ್ ಮುಟ್ಟದೆ ಬರೀ ಕ್ಲಚ್‌ನಲ್ಲಿ ಕಾರನ್ನು ಮೆಲ್ಲಗೆ ಉರುಳಿಸಿ, ನಿಲ್ಲಿಸಿ, ಮತ್ತೆ ಉರುಳಿಸಿ. ಕಾಲಿನ ಬಗ್ಗೆ ಯೋಚಿಸಬೇಡಿ, ಎಂಜಿನ್ ಸದ್ದು ಕೇಳಿ. ಆಮೇಲೆ ಸಣ್ಣ ಏರು, ಹ್ಯಾಂಡ್‌ಬ್ರೇಕ್ ಎಳೆದುಕೊಂಡು. ಅದೂ ಸಲೀಸಾದ ಮೇಲೆ, ಜಾಸ್ತಿ ಟ್ರಾಫಿಕ್ ಇಲ್ಲದ ಸಿಗ್ನಲ್. ಪಕ್ಕದಲ್ಲಿ ಲೈಸೆನ್ಸ್ ಇರುವ, ಬಾಯಿ ಕಡಿಮೆ ಇರುವ ಒಬ್ಬರನ್ನು ಕೂರಿಸಿಕೊಳ್ಳಿ. ಅಂಥವರು ಮನೆಯಲ್ಲಿ ಇಲ್ಲದಿದ್ದರೆ ದುಡ್ಡು ಕೊಟ್ಟು ಇನ್ನೊಂದಷ್ಟು ಕ್ಲಾಸ್ ತೆಗೆದುಕೊಳ್ಳಿ. ನಿಮ್ಮದೇ ಕಾರಿನಲ್ಲಿ ಹೇಳಿಕೊಡುವವರೂ ಇದ್ದಾರೆ.

ಸಿಗ್ನಲ್‌ನಲ್ಲಿ ಗಾಡಿ ಆಫ್ ಆದರೆ ಮೊದಲು ಬ್ರೇಕ್ ಒತ್ತಿ ಹಿಡಿಯಿರಿ. ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಹಾಗೆ ಬಿಟ್ಟಾಗ ಎದೆಬಡಿತ ತುಸು ಇಳಿಯುತ್ತದೆ. ಕ್ಲಚ್ ಪೂರ್ತಿ ಒತ್ತಿ, ನ್ಯೂಟ್ರಲ್ ಮಾಡಿ, ಸ್ಟಾರ್ಟ್ ಮಾಡಿ, ಫಸ್ಟ್ ಗೇರ್ ಹಾಕಿ. ಹಿಂದಿನವರು ಅಷ್ಟು ಹೊತ್ತು ಕಾಯಲಿ.