ಸ್ಟ್ಯೂಗೆ ಸ್ಲೋ ಕುಕ್ಕರ್ ಯಾಕೆ? ಸಿಮ್ ಇದೆಯಲ್ಲ!

ಬೀಫ್ ಸ್ಟ್ಯೂ ಮಾಡೋಕೆ ಸ್ಲೋ ಕುಕ್ಕರ್ ಬೇಕೇ ಬೇಕು ಅನ್ನುವ ನಂಬಿಕೆ ಈಗ ಚಿಕ್ಕಮಗಳೂರಿನ ಅಡುಗೆಮನೆಗಳಿಗೂ ಬಂದಿದೆ. ಯೂಟ್ಯೂಬ್‌ನಲ್ಲಿ ಅಮೆರಿಕದ ಅಡುಗೆ ನೋಡಿದವರು ಮೊದಲು ಕೇಳುವುದೇ ಅದನ್ನು. ಆ ಯಂತ್ರದೊಳಗೆ ಇರುವುದಾದರೂ ಏನು? ಒಂದು ಪಿಂಗಾಣಿ ಪಾತ್ರೆ, ಅದರ ಸುತ್ತ ಸಣ್ಣ ಹೀಟರ್, ಮೇಲೊಂದು ಮುಚ್ಚಳ. ಇರ್ವಿಂಗ್ ನ್ಯಾಕ್ಸನ್ ಎಂಬ ಅಮೆರಿಕನ್ ಇಂಜಿನಿಯರ್ 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. 1971ರಲ್ಲಿ ಕ್ರಾಕ್‌ಪಾಟ್ ಅನ್ನುವ ಹೆಸರಲ್ಲಿ ಅಂಗಡಿಗೆ ಬಂದಮೇಲೆ ಅಲ್ಲಿ ಮನೆಮನೆಗೂ ಹೋಯಿತು. ಬೆಳಗ್ಗೆ ಎಲ್ಲ ಹಾಕಿ ಕೆಲಸಕ್ಕೆ ಹೋಗಬಹುದು, ಸಂಜೆ ಬಂದು ಊಟ ಮಾಡಬಹುದು. ಅದರ ಅನುಕೂಲ ಅಷ್ಟೇ. ಮಾಂಸ ಮೆತ್ತಗಾಗುವುದರಲ್ಲಿ ಅದರದ್ದೇನೂ ವಿಶೇಷ ಇಲ್ಲ.

ಮಾಂಸ ಗಟ್ಟಿಯಾಗಿರುವುದಕ್ಕೆ ಕಾರಣ ಕೊಲಾಜೆನ್ ಎಂಬ ಪ್ರೋಟೀನ್. ಮಟನ್ ಅಂಗಡಿಯಲ್ಲಿ ನಾವು 'ನರ' ಅಂತ ಮೂಗು ಮುರಿಯುವ ಬಿಳಿ ಪದರ ಬಹುಪಾಲು ಅದೇ. ತೆಂಗಿನ ನಾರಿನ ಹಗ್ಗ ನೆನಪಿಸಿಕೊಳ್ಳಿ. ಮೂರು ಎಳೆ ಒಂದಕ್ಕೊಂದು ಸುತ್ತಿಕೊಂಡು ಹೊಸೆದುಕೊಂಡಿರುತ್ತವೆ. ಕೊಲಾಜೆನ್ ಕೂಡ ಮೂರೆಳೆಯದ್ದೇ. ಪ್ರತಿ ಎಳೆಯಲ್ಲೂ ಮೂರಕ್ಕೊಂದು ಜಾಗದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ ಕೂತಿರುತ್ತದೆ. ಅದು ಚಿಕ್ಕದಾಗಿರುವುದರಿಂದಲೇ ಮೂರು ಎಳೆಗಳೂ ಅಷ್ಟು ಬಿಗಿಯಾಗಿ ಹೊಸೆದುಕೊಳ್ಳಲು ಸಾಧ್ಯ. ಇಂಥ ಹಗ್ಗಗಳು ಸಾವಿರಾರು ಒಟ್ಟೊಟ್ಟಿಗೆ ಮಲಗಿರುತ್ತವೆ. ಪ್ರಾಣಿಗೆ ವಯಸ್ಸಾದಂತೆ ಹಗ್ಗಕ್ಕೂ ಹಗ್ಗಕ್ಕೂ ನಡುವೆ ಗಂಟು ಬೀಳುತ್ತಾ ಹೋಗುತ್ತದೆ. ಎಳೆಯದರಲ್ಲಿರುವ ಗಂಟು ಶಾಖಕ್ಕೆ ಬೇಗ ಬಿಚ್ಚುತ್ತದೆ, ಹಳೆಯದರದ್ದು ಸುಲಭಕ್ಕೆ ಜಗ್ಗುವುದಿಲ್ಲ.

ಈ ವಯಸ್ಸಿನ ಮಾತು ನಮಗೆ ಯಾಕೆ ಬೇಕು ಅಂದರೆ, ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ದನ, ಎತ್ತು, ಕರು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ಅಂದಮೇಲೆ ಇಲ್ಲಿ ಕಾನೂನುಬದ್ಧವಾಗಿ ಕಡಿದ ಬೀಫ್ ಅಂದರೆ ಬಲಿತ ಎಮ್ಮೆಯ ಮಾಂಸ. ವಿದೇಶದ ರೆಸಿಪಿಗಳು ಎರಡು-ಮೂರು ವರ್ಷದೊಳಗಿನ ಎಳೆ ದನದ ಲೆಕ್ಕದಲ್ಲಿ ಬರೆದದ್ದು. ಅಲ್ಲಿ ಎರಡು ಗಂಟೆ ಅಂತಿದ್ದರೆ ಇಲ್ಲಿ ಮೂರು, ಮೂರೂವರೆ ಹಿಡಿಯಬಹುದು. ಮಾಂಸ ಕೆಟ್ಟದ್ದು ಅಂತ ಅಂಗಡಿಯವನನ್ನು ಸುಮ್ನೆ ಬೈಯಬೇಡಿ.

ಪಾತ್ರೆಯೊಳಗೆ ನಡೆಯುವುದು ಹೀಗೆ. 50 ಡಿಗ್ರಿ ದಾಟಿದ ಮೇಲೆ ಸ್ನಾಯುವಿನ ಪ್ರೋಟೀನ್ ಗಟ್ಟಿಯಾಗಲು ಶುರು. 60ರಿಂದ 65ರ ಸುಮಾರಿಗೆ ಆ ಹಗ್ಗಗಳು ಕುಗ್ಗಿ, ಸ್ನಾಯುವನ್ನು ಹಿಂಡಿ ನೀರು ಹೊರಗೆ ತಳ್ಳುತ್ತವೆ. ಅರ್ಧ ಗಂಟೆ ಬೇಯಿಸಿ ಬಾಯಿಗೆ ಹಾಕಿಕೊಂಡರೆ ಹಸಿ ಮಾಂಸಕ್ಕಿಂತ ಗಟ್ಟಿ ಅನ್ನಿಸುವುದು ಇದಕ್ಕೇ. ಬಹಳ ಜನ ಈ ಹೊತ್ತಿಗೆ ಗಾಬರಿಯಾಗಿ ಉರಿ ಜಾಸ್ತಿ ಮಾಡುತ್ತಾರೆ. ಮಾಡಬೇಕಾದ್ದು ಕಾಯುವುದು. 80-90 ಡಿಗ್ರಿಯಲ್ಲಿ ಕೆಲವು ಗಂಟೆ ಕಳೆದರೆ ಹೊಸೆದ ಎಳೆಗಳು ಒಂದೊಂದೇ ಬಿಚ್ಚಿಕೊಂಡು ಜೆಲಟಿನ್ ಆಗಿ ಸಾರಿಗೆ ಇಳಿಯುತ್ತವೆ. ಮಾಂಸದ ನಾರನ್ನು ಹಿಡಿದಿಟ್ಟಿದ್ದ ಕಟ್ಟು ಸಡಿಲವಾಗಿ, ಫೋರ್ಕ್ ಚುಚ್ಚಿ ತಿರುಗಿಸಿದರೆ ತುಂಡು ಬಿಟ್ಟುಕೊಳ್ಳುತ್ತದೆ. ಸಾರು ತುಟಿಗೆ ಸ್ವಲ್ಪ ಅಂಟುತ್ತದೆ.

ಕೊತಕೊತ ಕುದಿಸಿದರೆ ಬೇಗ ಆಗಲ್ವಾ? ಆಗಲ್ಲ. ತೆರೆದ ಪಾತ್ರೆಯಲ್ಲಿ ನೀರು ಕುದಿಯಲು ಶುರುವಾದ ಮೇಲೆ ಎಷ್ಟೇ ಉರಿ ಕೊಟ್ಟರೂ ಬಿಸಿ ಏರುವುದಿಲ್ಲ, ಹೆಚ್ಚಿನ ಉರಿಯೆಲ್ಲ ಆವಿಯಾಗುವುದಕ್ಕೇ ಖರ್ಚು. ಒಂದು ಲೀಟರ್ ತಣ್ಣೀರನ್ನು ಕುದಿಗೆ ತರಲು ಬೇಕಾದ ಶಾಖದ ಏಳು ಪಟ್ಟು ಅದನ್ನು ಪೂರ್ತಿ ಆವಿ ಮಾಡಲು ಬೇಕು. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿವೆ. ಮಂಗಳೂರಿನಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು ಇಲ್ಲಿ 97ರ ಆಸುಪಾಸಿಗೇ ಕುದಿಯುತ್ತದೆ. ಮುಳ್ಳಯ್ಯನಗಿರಿಯ ತುದಿಗೆ, ಅಂದರೆ 1,930 ಮೀಟರಿಗೆ, ಒಲೆ ಹೊತ್ತುಕೊಂಡು ಹೋದರೆ 94ಕ್ಕೇ ಕುದಿ ಬರುತ್ತದೆ. ಸ್ಟ್ಯೂಗೆ ಇದರಿಂದ ನಷ್ಟವೇನೂ ಇಲ್ಲ, ನಮಗೆ ಬೇಕಾದ್ದೇ 90ರ ಸುಮಾರು. ಬೇಳೆ ಬೇಯಿಸುವವರಿಗೆ ಮಾತ್ರ ಕಷ್ಟ.

ಇನ್ನೊಂದು ಹಠಮಾರಿ ನಂಬಿಕೆ: ಮಾಂಸವನ್ನು ಮೊದಲು ಹುರಿದರೆ ರಸ ಒಳಗೇ ಸೀಲ್ ಆಗುತ್ತದಂತೆ. 1840ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್ ಹಬ್ಬಿಸಿದ ಮಾತು ಇದು. ದೊಡ್ಡವರು ಹೇಳಿದ್ದು ಅಂತ ಇವತ್ತಿಗೂ ಓಡುತ್ತಿದೆ. ಹುರಿಯುವಾಗ ಚುಂಯ್ ಅಂತ ಸದ್ದು ಬರುತ್ತಲ್ಲ, ಅದೇ ರಸ ಹೊರಗೆ ಬಂದು ಆವಿಯಾಗುತ್ತಿರುವ ಸದ್ದು! ಹಾಗಂತ ಹುರಿಯುವುದನ್ನು ಬಿಡಬೇಡಿ. ಕಂದು ಬಣ್ಣ, ಘಮ ಬರುವುದು ಸಕ್ಕರೆ ಮತ್ತು ಅಮೈನೋ ಆಮ್ಲ ಸೇರಿ ನಡೆಯುವ ಕ್ರಿಯೆಯಿಂದ. ಫ್ರಾನ್ಸಿನ ಲೂಯಿ ಕಮೀಯ್ ಮಯ್ಯಾರ್ ಇದನ್ನು ವಿವರಿಸಿದ್ದು 1912ರಲ್ಲಿ. ಸಾರಿನೊಳಗೆ ಎಷ್ಟು ಹೊತ್ತು ಬೇಯಿಸಿದರೂ ಆ ಬಣ್ಣ ಹಾಗೆ ಬರುವುದಿಲ್ಲ.

ಇನ್ನು ಬೇಗ ಬೇಯಲಿ ಅಂತ ಪಾತ್ರೆಗೆ ತೆಂಗಿನ ಚಿಪ್ಪಿನ ಚೂರು ಹಾಕುವವರಿದ್ದಾರೆ. ಚಿಪ್ಪಿನಲ್ಲಿ ಮಾಂಸ ಕರಗಿಸುವಂಥದ್ದು ಏನೂ ಇಲ್ಲ. ಹಸಿ ಪಪ್ಪಾಯಿಯಲ್ಲಿ ನಿಜವಾಗಿ ಪಪೈನ್ ಎಂಬ ಕಿಣ್ವ ಇದೆ, ಆದರೆ ಕುದಿಯಲ್ಲಿ ಅದು ಕೆಲಸ ನಿಲ್ಲಿಸುತ್ತದೆ. ಹಾಕುವುದಾದರೆ ಬೇಯಿಸುವ ಮೊದಲೇ ಸವರಿಡಬೇಕು. ಜಾಸ್ತಿ ಹೊತ್ತು ಬಿಟ್ಟರೆ ಮಾಂಸದ ಮೇಲ್ಭಾಗ ಹಿಟ್ಟು ಹಿಟ್ಟಾಗುತ್ತದೆ.

ಕಾಲು ಸೂಪಿನ ಕಥೆಯೂ ಇದರದ್ದೇ ಕವಲು. ಮೂಳೆ ಮುರಿದವರಿಗೆ ಸೂಪು ಕುಡಿಸಿದರೆ ಅದರ ಅಂಟು ಹೋಗಿ ಮೂಳೆ ಕೂಡಿಸುತ್ತದೆ ಅಂತಾರೆ. ಹೊಟ್ಟೆಗೆ ಹೋದ ಜೆಲಟಿನ್ ಎಲ್ಲ ಪ್ರೋಟೀನಿನ ಹಾಗೆ ಜೀರ್ಣವಾಗಿ ಚೂರು ಚೂರಾಗುತ್ತದೆ, ನೇರವಾಗಿ ಮೂಳೆಗೆ ಹೋಗಿ ಕೂರುವುದಿಲ್ಲ. ಫ್ರೆಂಚರು ಈ ವಿಷಯದಲ್ಲಿ ದೊಡ್ಡ ಪಾಠ ಕಲಿತಿದ್ದಾರೆ. 19ನೇ ಶತಮಾನದ ಆರಂಭದಲ್ಲಿ ದಾರ್ಸೆ ಎಂಬ ರಸಾಯನಶಾಸ್ತ್ರಜ್ಞ ಮೂಳೆಯಿಂದ ಜೆಲಟಿನ್ ತೆಗೆದು ಬಡವರಿಗೆ, ಆಸ್ಪತ್ರೆಯ ರೋಗಿಗಳಿಗೆ ಮಾಂಸದ ಬದಲಿಗೆ ಕೊಡಿ ಅಂತ ಹೊರಟ. ಕೊನೆಗೆ ಶರೀರಶಾಸ್ತ್ರಜ್ಞ ಫ್ರಾಂಸ್ವಾ ಮಜಾಂಡಿಯ ಸಮಿತಿ ನಾಯಿಗಳ ಮೇಲೆ ಪ್ರಯೋಗ ಮಾಡಿ, ಬರೀ ಜೆಲಟಿನ್ ತಿಂದು ಪ್ರಾಣಿ ಬದುಕುವುದಿಲ್ಲ ಅಂತ 1841ರಲ್ಲಿ ವರದಿ ಕೊಟ್ಟಿತು. ನಮ್ಮ ದೇಹಕ್ಕೆ ಬೇಕೇ ಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಜೆಲಟಿನ್‌ನಲ್ಲಿ ಇಲ್ಲ. ರುಚಿಗೆ ಸೂಪು ಕುಡಿಯಿರಿ, ಮೂಳೆಗೆ ಡಾಕ್ಟರ್ ಹತ್ತಿರ ಹೋಗಿ.

ಈಗ ಅಡುಗೆ. ಮೀನಖಂಡ ಅಥವಾ ಕತ್ತಿನ ಮಾಂಸ ಒಂದು ಕೆಜಿ, ತುಂಡು ದೊಡ್ಡದಿರಲಿ. ನೀರು ಒರೆಸಿ, ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಹುರಿಯಿರಿ. ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತದೆ, ಕಂದಾಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಜಜ್ಜಿದ ತೋಟದ ಕಾಳುಮೆಣಸು, ಮುಳುಗುವಷ್ಟು ನೀರು. ಒಂದು ಕುದಿ ಬಂದ ತಕ್ಷಣ ಸಿಮ್. ಮುಚ್ಚಳ ಒಂದಿಷ್ಟು ಓರೆ ಮಾಡಿ. ಆಗಾಗ ಒಂದೊಂದು ಗುಳ್ಳೆ ಏಳುತ್ತಿದ್ದರೆ ಹದ ಸರಿಯಿದೆ.

ಹಾಸನದ ಆಲೂಗಡ್ಡೆ, ಕ್ಯಾರೆಟ್ ಹಾಕುವುದು ಕೊನೆಯ ಮುಕ್ಕಾಲು ಗಂಟೆಯಲ್ಲಿ. ತರಕಾರಿಯನ್ನು ಹಿಡಿದಿಟ್ಟಿರುವುದು ಪೆಕ್ಟಿನ್. ಅದು 85 ಡಿಗ್ರಿ ದಾಟದೆ ಸರಿಯಾಗಿ ಸಡಿಲವಾಗುವುದಿಲ್ಲ, ಟೊಮೆಟೊ ಹುಳಿಯಲ್ಲಿ ಇನ್ನೂ ನಿಧಾನ. ಹಾಗಾಗಿ ತರಕಾರಿ ಹಾಕಿದ ಮೇಲೆ ಉರಿ ಕೊಂಚ ಏರಿಸಿ. ತೆಂಗಿನ ಹಾಲು ಹಾಕುವವರು ಒಲೆ ಆರಿಸುವ ಮುಂಚೆ ಹಾಕಿ, ಕುದಿಸಿದರೆ ಒಡೆಯುತ್ತದೆ.

ಅಷ್ಟು ತಾಳ್ಮೆ ಇಲ್ಲದವರಿಗೆ ಪ್ರೆಷರ್ ಕುಕ್ಕರ್ ಇದ್ದೇ ಇದೆ. ಡೆನಿ ಪಾಪಾಂ ಎಂಬ ಫ್ರೆಂಚ್ ವಿಜ್ಞಾನಿ ಅದರ ಮೊದಲ ರೂಪವನ್ನು 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ್ದೇ ಮೂಳೆ ಮೆತ್ತಗೆ ಮಾಡೋಕೆ! ಒಳಗೆ 120 ಡಿಗ್ರಿ ಹತ್ತಿರ ಹೋಗುವುದರಿಂದ ಒಂದು ವಿಸಿಲ್ ಆದಮೇಲೆ ಸಿಮ್‌ನಲ್ಲಿ 40 ನಿಮಿಷ ಸಾಕು. ಪ್ರೆಷರ್ ತಾನಾಗಿ ಇಳಿಯಲಿ. ವಿಸಿಲ್ ಎತ್ತಿ ಆವಿ ಬಿಟ್ಟರೆ ಒಳಗಿನ ಸಾರು ಒಮ್ಮೆಲೇ ಕುದಿದು ಮಾಂಸ ಒಣಗುತ್ತದೆ.

ಮಿಕ್ಕಿದ್ದನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಡಬೇಡಿ, ಮಲೆನಾಡಿನ ಚಳಿಗಾಲವಾದರೂ ಸರಿ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಗೂ ಸಾಯುವುದಿಲ್ಲ, ಉಗುರುಬೆಚ್ಚಗಿನ ಸಾರಿನಲ್ಲಿ ಮೊಳೆತು ಹೆಚ್ಚುತ್ತವೆ. ಅಗಲ ಪಾತ್ರೆಗೆ ಹಾಕಿ ತಣ್ಣೀರಿನ ತಟ್ಟೆಯಲ್ಲಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಬೆಳಗ್ಗೆ ಸಾರು ಗಟ್ಟಿಯಾಗಿ ಅಲುಗಾಡುತ್ತಿದ್ದರೆ ಜೆಲಟಿನ್ ಚೆನ್ನಾಗಿ ಇಳಿದಿದೆ ಅಂತ ಅರ್ಥ. ಗಟ್ಟಿಯಾಯಿತಲ್ಲ ಅಂತ ನೀರು ಸೇರಿಸಬೇಡಿ, ಬಿಸಿಗಿಟ್ಟ ಸ್ವಲ್ಪ ಹೊತ್ತಿಗೇ ಕರಗುತ್ತದೆ. ಆಮೇಲೆ ಚೆನ್ನಾಗಿ ಒಂದು ಕುದಿ ಬರಿಸಿ ಬಡಿಸಿ.